ಬೆರಳುದ್ದದ ಸೀಸೆ

ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಎಂಬ ಸಣ್ಣ ಊರಿನಲ್ಲಿ ಗಾಜಿಗೆಂದೇ ಕಟ್ಟಿದ ಒಂದು ವಸ್ತುಸಂಗ್ರಹಾಲಯವಿದೆ. ತಮ್ಮನ ಮನೆಗೆ ಹೋಗಿದ್ದಾಗ ಅವನ ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಒಂದು ಶನಿವಾರ ಅಲ್ಲಿಗೆ ಹೋಗಿದ್ದೆ. ರೋಮನ್ ಕಾಲದ ಗಾಜನ್ನು ಇಟ್ಟಿರುವ ಕಪಾಟಿನ ಮುಂದೆ ನಾವು ನಿಂತಿದ್ದಾಗ, ಪಕ್ಕದಲ್ಲಿದ್ದ ಹಿರಿಯರೊಬ್ಬರು ತಮ್ಮ ಜೊತೆಯವರಿಗೆ ಆ ಸೀಸೆಗಳನ್ನು ತೋರಿಸುತ್ತ, ಸತ್ತವರಿಗಾಗಿ ಅತ್ತವರು ತಮ್ಮ ಕಣ್ಣೀರನ್ನು ಇವುಗಳಲ್ಲಿ ಹಿಡಿದು ಗೋರಿಯೊಳಗೆ ಇಡುತ್ತಿದ್ದರು ಎಂದು ವಿವರಿಸುತ್ತಿದ್ದರು. ಹುಡುಗಿ ನನ್ನ ಕಡೆ ತಿರುಗಿ, "ಹೌದಾ ಅತ್ತೆ?" ಎಂದಳು. ಹಾಗಲ್ಲ, ಇವುಗಳಲ್ಲಿ ಪರಿಮಳದ ಎಣ್ಣೆ ಇರುತ್ತಿತ್ತು ಎಂದೆ. "ಯಾವ ಪರಿಮಳ?" ಎಂದು ಕೇಳಿದಳು. ಆ ಹೊತ್ತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಊರಿಗೆ ಮರಳಿದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ, ಹಾಗಾಗಿ ಎರಡು ವರ್ಷಗಳಿಂದ ಬಿಡುವಾದಾಗಲೆಲ್ಲ ಈ ಸೀಸೆಗಳ ಬಗ್ಗೆ ಓದುತ್ತ ಬಂದಿದ್ದೇನೆ.

ನಾವು ಹೆಚ್ಚು ಹೊತ್ತು ನೋಡುತ್ತ ನಿಂತ ಸೀಸೆ ನನ್ನ ನಡುಬೆರಳಿಗಿಂತ ಸ್ವಲ್ಪ ಉದ್ದವಿತ್ತು. ಕೆಳಗೆ ಈರುಳ್ಳಿ ಗಡ್ಡೆಯಂತೆ ಉಬ್ಬಿದ ಹೊಟ್ಟೆ, ಅದರಿಂದ ಮೇಲೇರುವ ನೀಳವಾದ ಕೊರಳು, ಕೊರಳು ಹೊಟ್ಟೆಯನ್ನು ಸೇರುವಲ್ಲಿ ಯಾರೋ ಎರಡು ಬೆರಳಿನಿಂದ ಹಿಸುಕಿದಂತೆ ತುಸು ಕಿರಿದಾದ ಜಾಗ, ತುದಿಯಲ್ಲಿ ಹೊರಕ್ಕೆ ಬಾಗಿಸಿ ಮತ್ತೆ ಒಳಕ್ಕೆ ಮಡಚಿದ ಅಂಚು. ಗಾಜಿನ ಬಣ್ಣ ನೀಲಿಯೂ ಅಲ್ಲದ ಹಸಿರೂ ಅಲ್ಲದ, ಆಳವಿಲ್ಲದ ಸಮುದ್ರದ ನೀರಿನ ಬಣ್ಣ. ಒಳಗೊಂದು ಗುಳ್ಳೆ ಕೊರಳಿನ ಉದ್ದಕ್ಕೆ ಎಳೆದುಕೊಂಡು ಅಕ್ಕಿಕಾಳಿನ ಆಕಾರ ತಾಳಿತ್ತು. ಗಾಜು ಮೆತ್ತಗಿದ್ದಾಗ ಕೊರಳನ್ನು ಎಳೆದ ಕೈಯ ಗುರುತು ಅದು. ಸೀಸೆ ನೆಟ್ಟಗೆ ನಿಂತಿರಲಿಲ್ಲ, ಒಂದು ಪಕ್ಕಕ್ಕೆ ಸ್ವಲ್ಪ ವಾಲಿತ್ತು. ಇದನ್ನು ಮಾಡಿದವನು ಅಂದು ಇಂಥವು ಇನ್ನೆಷ್ಟನ್ನೋ ಮಾಡಬೇಕಾಗಿತ್ತು ಎಂಬುದು ಆ ವಾಲುವಿಕೆಯಿಂದಲೇ ಗೊತ್ತಾಗುತ್ತಿತ್ತು.

ವಿದ್ವಾಂಸರು ಇವುಗಳನ್ನು ಅಂಗ್ವೆಂಟೇರಿಯಂ ಎಂದು ಕರೆಯುತ್ತಾರೆ. ಪರಿಮಳದ ಎಣ್ಣೆ ಅಥವಾ ಲೇಪನಕ್ಕೆ ಲ್ಯಾಟಿನ್ನಿನಲ್ಲಿದ್ದ ಅಂಗ್ವೆಂಟಂ ಎಂಬ ಮಾತಿನಿಂದ ನಂತರದವರು ಕಟ್ಟಿಕೊಂಡ ಹೆಸರು ಅದು. ನನಗಂತೂ ಸೀಸೆ ಎಂಬ ನಮ್ಮ ಮಾತೇ ಇದಕ್ಕೆ ಹೆಚ್ಚು ಒಪ್ಪುತ್ತದೆ ಎನ್ನಿಸುತ್ತದೆ, ಏಕೆಂದರೆ ಅದು ಗಾಜು ಎಂಬ ಅರ್ಥದ ಪಾರಸಿಯ ಶೀಶಾ ಎಂಬ ಪದದಿಂದ ನಮ್ಮಲ್ಲಿಗೆ ಬಂದು, ಗಾಜಿನ ಹೆಸರು ಪಾತ್ರೆಯ ಹೆಸರಾಗಿ ಉಳಿದದ್ದು.

ಗಾಜಿನಲ್ಲಿ ಪರಿಮಳ ತುಂಬಿಡುವ ಪದ್ಧತಿ ರೋಮನ್ನರದೇನೂ ಅಲ್ಲ. ಅವರಿಗಿಂತ ಸಾವಿರದೈನೂರು ವರ್ಷ ಮೊದಲೇ ಈಜಿಪ್ಟ್ ಮತ್ತು ಮೆಸೊಪೊಟೇಮಿಯಾದ ಕುಶಲಕರ್ಮಿಗಳು ಲೋಹದ ಸಲಾಕೆಯ ತುದಿಗೆ ಮಣ್ಣು ಮೆತ್ತಿ, ಅದರ ಮೇಲೆ ಕರಗಿದ ಗಾಜನ್ನು ಸುತ್ತಿ, ಬಣ್ಣದ ಗಾಜಿನ ಎಳೆಗಳನ್ನು ಅಲೆಯಲೆಯಾಗಿ ಎಳೆದು, ಆರಿದ ಮೇಲೆ ಒಳಗಿನ ಮಣ್ಣನ್ನು ಕೆರೆದು ತೆಗೆದು ಸಣ್ಣ ಸಣ್ಣ ಕುಪ್ಪಿಗಳನ್ನು ಮಾಡುತ್ತಿದ್ದರು. ಒಂದು ಕುಪ್ಪಿಗೆ ಹಿಡಿಯುತ್ತಿದ್ದ ಶ್ರಮವೇ ಅದನ್ನು ಸಿರಿವಂತರ ವಸ್ತುವನ್ನಾಗಿ ಮಾಡಿತ್ತು. ಇದನ್ನು ಬದಲಿಸಿದ್ದು ಉಸಿರು. ಯೆರೂಸಲೇಮಿನ ಹಳೆಯ ನಗರದ ಯೆಹೂದಿ ಬಡಾವಣೆಯಲ್ಲಿ ಉತ್ಖನನ ನಡೆದಾಗ, ಕ್ರಿಸ್ತಪೂರ್ವ ಮೊದಲನೆಯ ಶತಮಾನದ ನಡುಭಾಗದಲ್ಲಿ ಗಾಜಿನ ಕೆಲಸದವರು ಎಸೆದ ಕಸದ ರಾಶಿಯೊಂದು ಸಿಕ್ಕಿತು. ಅದರಲ್ಲಿ ಒಂದು ತುದಿಯನ್ನು ಹಿಸುಕಿ ಮುಚ್ಚಿ, ಇನ್ನೊಂದು ತುದಿಯಿಂದ ಊದಿ ಸ್ವಲ್ಪವೇ ಉಬ್ಬಿಸಿದ ಗಾಜಿನ ಕೊಳವೆಗಳಿದ್ದವು. ಊದಿ ಮಾಡಿದ ಗಾಜಿಗೆ ನಮಗೆ ಸಿಕ್ಕಿರುವ ಅತಿ ಹಳೆಯ ಸಾಕ್ಷ್ಯಗಳಲ್ಲಿ ಅದೂ ಒಂದು. ಆ ಉಬ್ಬಿದ ಕೊಳವೆಗಳು ಬೆರಳುದ್ದದ ಪುಟ್ಟ ಸೀಸೆಗಳೇ ಎಂಬುದನ್ನು ಓದಿದಾಗ ನನಗೆ ಆದ ಸಂತೋಷವನ್ನು ಇಲ್ಲಿ ಬರೆಯದಿರಲಾರೆ. ಮನುಷ್ಯನ ಉಸಿರು ಗಾಜಿನೊಳಗೆ ಹೊಕ್ಕು ಮೊದಮೊದಲು ಮಾಡಿಟ್ಟ ಜಾಗ ಬಟ್ಟಲಿನದಲ್ಲ, ಹೂಜಿಯದಲ್ಲ, ನಾಲ್ಕು ಹನಿ ಎಣ್ಣೆ ಹಿಡಿಯುವಷ್ಟರದು.

ಕಾರ್ನಿಂಗ್‌ನಲ್ಲಿ ಅಂದು ಕುಲುಮೆಯ ಮುಂದೆ ಗಾಜು ಊದಿ ತೋರಿಸುತ್ತಿದ್ದರು. ಕೆಲಸಗಾರ್ತಿಯೊಬ್ಬಳು ಉದ್ದನೆಯ ಊದುಗೊಳವೆಯ ತುದಿಯಲ್ಲಿ ನಿಂಬೆಹಣ್ಣಿನಷ್ಟು ಗಾಜನ್ನು ಎತ್ತಿಕೊಂಡು, ಚಪ್ಪಟೆ ಹಾಸಿನ ಮೇಲೆ ಉರುಳಿಸಿ ನೇರ್ಪುಮಾಡಿ, ಒಂದೇ ಒಂದು ಸಣ್ಣ ಉಸಿರು ಕೊಟ್ಟು ಬಾಯಿಯನ್ನು ತೆಗೆಯದೆ ತಡೆದಳು. ಬೆಂಕಿಬಣ್ಣದ ಉಂಡೆಯೊಳಗೆ ಗುಳ್ಳೆ ನಿಧಾನವಾಗಿ ತಾನಾಗಿಯೇ ತೆರೆದುಕೊಂಡಿತು. ಆಮೇಲೆ ಕೊಳವೆಯನ್ನು ಕೆಳಮುಖವಾಗಿ ತೂಗಿದಳು, ಕೊರಳು ತನ್ನ ಭಾರಕ್ಕೆ ತಾನೇ ಇಳಿಯಿತು. ಇಕ್ಕಳದಿಂದ ಕೊರಳಿನ ಬುಡವನ್ನು ಒತ್ತಿ, ತಟ್ಟಿ ಬಿಡಿಸಿ, ಸೀಸೆಯ ಬಾಯಿಯನ್ನು ಮತ್ತೆ ಬೆಂಕಿಗೆ ಹಿಡಿದು ಅಂಚನ್ನು ಮಡಚಿದಳು. ಇಷ್ಟಕ್ಕೆ ಹಿಡಿದದ್ದು ಕೆಲವೇ ನಿಮಿಷ. ಎರಡು ಸಾವಿರ ವರ್ಷಗಳಲ್ಲಿ ಈ ಕೈಚಳಕದಲ್ಲಿ ಬದಲಾದದ್ದು ತೀರಾ ಕಡಿಮೆ.

ಕೆಲವೇ ನಿಮಿಷದ ಕೆಲಸವಾದ ಮೇಲೆ ಬೆಲೆ ಇಳಿಯಲೇಬೇಕು. ಕ್ರಿಸ್ತಶಕದ ಆರಂಭದ ಹೊತ್ತಿಗೆ ಬರೆದ ಭೂಗೋಳಕಾರ ಸ್ಟ್ರಾಬೊ, ರೋಮಿನಲ್ಲಿ ಗಾಜಿನ ಬಟ್ಟಲೊಂದನ್ನು ತಾಮ್ರದ ಒಂದು ಕಾಸಿಗೆ ಕೊಳ್ಳಬಹುದೆಂದು ಹೇಳುತ್ತಾನೆ. ಒಡೆದ ಗಾಜಿಗೂ ಬೆಲೆಯಿತ್ತು. ಟೈಬರ್ ನದಿಯಾಚೆಯ ಬೀದಿ ವ್ಯಾಪಾರಿಗಳು ಗಂಧಕ ಹಚ್ಚಿದ ಕಡ್ಡಿಗಳನ್ನು ಕೊಟ್ಟು ಒಡೆದ ಗಾಜನ್ನು ಕೊಂಡೊಯ್ಯುತ್ತಿದ್ದುದನ್ನು ಕವಿ ಮಾರ್ಷಿಯಲ್ ಪ್ರಸ್ತಾಪಿಸಿದ್ದಾನೆ. ಹಳೆಯ ಸೀಸೆಯನ್ನು ಕುಲುಮೆಗೆ ಹಾಕಿ ಹೊಸ ಸೀಸೆ ಮಾಡುವುದು ಅಂದಿನ ದಿನನಿತ್ಯದ ವ್ಯವಹಾರ. ಆದ್ದರಿಂದ ನಾವಿಂದು ನೋಡುವ ಸೀಸೆಗಳು ಬಹುಪಾಲು ಗೋರಿಗಳಿಂದ ಬಂದವು, ಏಕೆಂದರೆ ಮಣ್ಣಿನಡಿಗೆ ಹೋದದ್ದನ್ನು ಯಾರೂ ಮತ್ತೆ ಕರಗಿಸಲಿಲ್ಲ.

ಹಸಿಗಾಜು ಬರುತ್ತಿದ್ದುದು ದೂರದಿಂದ. ಇಂದಿನ ಇಸ್ರೇಲಿನ ಆಕ್ರೆ ಪಟ್ಟಣದ ಬಳಿ ಬೆಲುಸ್ ಎಂಬ ಹೊಳೆ ಸಮುದ್ರ ಸೇರುವಲ್ಲಿನ ಮರಳು ಗಾಜಿಗೆ ಹೆಸರಾಗಿತ್ತು. ಆ ಮರಳಿನಲ್ಲಿ ಚಿಪ್ಪಿನ ಚೂರುಗಳು ಬೆರೆತಿದ್ದುದರಿಂದ ಗಾಜಿಗೆ ಬೇಕಾದ ಸುಣ್ಣವೂ ಅದರೊಳಗೇ ಇರುತ್ತಿತ್ತು. ಮರಳು ಬೇಗ ಕರಗುವಂತೆ ಮಾಡಲು ಈಜಿಪ್ಟಿನ ನೇಟ್ರಾನ್ ಕಣಿವೆಯ ಒಣಕೆರೆಗಳಿಂದ, ನಮ್ಮ ಅಗಸರು ಬಟ್ಟೆಗೆ ಬಳಸುತ್ತಿದ್ದ ಚೌಳಿನಂಥ ಕ್ಷಾರವನ್ನು ತರಿಸುತ್ತಿದ್ದರು. ಎರಡನ್ನೂ ದೊಡ್ಡ ಕುಲುಮೆಗಳಲ್ಲಿ ಕರಗಿಸಿ, ಆರಿದ ಗಟ್ಟಿಯನ್ನು ಒಡೆದು, ಹೆಂಟೆಗಳಾಗಿ ಹಡಗಿಗೆ ತುಂಬುತ್ತಿದ್ದರು. ಮರಳಿನಲ್ಲಿದ್ದ ಕಬ್ಬಿಣದ ಅಂಶವೇ ಆ ನೀಲಿಹಸಿರು ಬಣ್ಣಕ್ಕೆ ಕಾರಣ. ಕ್ರಿಸ್ತಶಕ 301ರಲ್ಲಿ ಡಯೊಕ್ಲೀಷಿಯನ್ ಚಕ್ರವರ್ತಿ ಹೊರಡಿಸಿದ ಬೆಲೆಗಳ ಶಾಸನದಲ್ಲಿ ಹಸಿರುಛಾಯೆಯ ಯೂದಾಯದ ಗಾಜಿಗೆ ಒಂದು ರಾತ್ಲಿಗೆ, ಎಂದರೆ ಒಂದು ರೋಮನ್ ಪೌಂಡಿಗೆ, ದಿನಾರಿಯಸ್ ಎಂಬ ನಾಣ್ಯದ ಲೆಕ್ಕದಲ್ಲಿ 13 ದಿನಾರಿಯಸ್, ಅಲೆಕ್ಸಾಂಡ್ರಿಯಾದ ಗಾಜಿಗೆ 24 ದಿನಾರಿಯಸ್ ಎಂದು ಗೊತ್ತುಮಾಡಲಾಗಿತ್ತು. ಬಣ್ಣ ಕಳೆದು ಸ್ಫಟಿಕದಂತೆ ತಿಳಿಯಾದಷ್ಟೂ ಗಾಜಿಗೆ ಬೆಲೆ ಹೆಚ್ಚು. ನನ್ನ ಮನಸ್ಸು ಮಾತ್ರ ಆ ಹಸಿರಿನ ಕಡೆಗೇ ಹೋಗುತ್ತದೆ, ಅದರಲ್ಲಿ ಹೊಳೆಯ ಮರಳು ಇನ್ನೂ ಇದೆ.

ಇನ್ನು ಹುಡುಗಿಯ ಪ್ರಶ್ನೆ. ನಮ್ಮ ಕಾಲದ ಸೆಂಟು ಮದ್ಯಸಾರದಲ್ಲಿ ಕರಗಿದ್ದು, ಮೈಗೆ ತಾಗಿದ ಕೂಡಲೇ ಹಾರಿಹೋಗುವಂಥದ್ದು. ರೋಮನ್ನರದು ಎಣ್ಣೆಯ ಪರಿಮಳ. ಹೂವು, ಬೇರು, ತೊಗಟೆ, ಅಂಟುಗಳನ್ನು ಎಣ್ಣೆಯಲ್ಲಿ ನೆನೆಸಿ ಅಥವಾ ಕಾಯಿಸಿ, ಸೋಸಿ, ಪರಿಮಳ ನಿಲ್ಲುವುದಕ್ಕೆ ಮರದ ಅಂಟನ್ನೋ ರಾಳವನ್ನೋ ಸೇರಿಸುತ್ತಿದ್ದರು. ಇನ್ನೂ ಹಣ್ಣಾಗದ ಆಲಿವ್ ಕಾಯಿಗಳಿಂದ ತೆಗೆದ, ಹೆಚ್ಚು ಜಿಡ್ಡಿಲ್ಲದ ಎಣ್ಣೆಯನ್ನು ಇದಕ್ಕೆ ಆರಿಸುತ್ತಿದ್ದರು. ಪೊಂಪೇಯಿಯ ವೆಟ್ಟಿಯವರ ಮನೆಯ ಗೋಡೆಯ ಮೇಲೆ ಈ ಕೆಲಸದ ಚಿತ್ರವೇ ಇದೆ. ರೆಕ್ಕೆಯ ಪುಟ್ಟ ಮಕ್ಕಳು ಗಾಣದ ಬೆಣೆಗಳಿಗೆ ಸುತ್ತಿಗೆಯಿಂದ ಬಡಿದು ಎಣ್ಣೆ ಹಿಂಡುತ್ತಿದ್ದಾರೆ, ಕಾಯುವ ಎಣ್ಣೆಯನ್ನು ಕಲಕುತ್ತಿದ್ದಾರೆ, ಕೊನೆಯಲ್ಲಿ ಕೊಳ್ಳಲು ಬಂದವಳು ಕೂತು ಕೈಗೆ ಹಚ್ಚಿಸಿಕೊಂಡ ಎಣ್ಣೆಯನ್ನು ಮೂಗಿನ ಬಳಿ ಹಿಡಿದು ನೋಡುತ್ತಿದ್ದಾಳೆ. ಅತ್ತರಿನ ಅಂಗಡಿಯಲ್ಲಿ ನಾವು ಇಂದಿಗೂ ಮಾಡುವುದು ಅದನ್ನೇ.

ಈ ಎಣ್ಣೆಗಳ ಬಗ್ಗೆ ತುಂಬ ವಿವರವಾಗಿ ಬರೆದವನು, ಕ್ರಿಸ್ತಶಕ 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಪ್ರಾಣಬಿಟ್ಟ ರೋಮನ್ ಲೇಖಕ ಹಿರಿಯ ಪ್ಲಿನಿ. ಅವನಿಗೆ ಪರಿಮಳದ ಮೇಲೆ ಒಲವಿರಲಿಲ್ಲ. ಮುತ್ತುರತ್ನಗಳಾದರೆ ಮಕ್ಕಳಿಗೆ ಉಳಿಯುತ್ತವೆ, ಬಟ್ಟೆ ಕೆಲವು ಕಾಲವಾದರೂ ಬಾಳುತ್ತದೆ, ಪರಿಮಳ ಮಾತ್ರ ಹುಟ್ಟಿದ ಗಳಿಗೆಯಲ್ಲೇ ಸಾಯುತ್ತದೆ, ಅಷ್ಟಕ್ಕಾಗಿ ಜನ ಒಂದು ರಾತ್ಲಿಗೆ 400 ದಿನಾರಿಯಸ್‌ಗಿಂತ ಹೆಚ್ಚು ಕೊಡುತ್ತಾರೆ ಎಂಬುದು ಅವನ ಆಕ್ಷೇಪ. ಹಾಗಿದ್ದೂ ಅವನು ಒಂದೊಂದು ಎಣ್ಣೆಯ ಒಂದೊಂದು ಸಾಮಗ್ರಿಯನ್ನೂ ಬಿಡದೆ ಬರೆದಿಟ್ಟ. ಪಾರ್ಥಿಯಾದ ಅರಸರಿಗೆಂದು ತಯಾರಾಗುತ್ತಿದ್ದ ಎಣ್ಣೆಯೊಂದಕ್ಕೆ ಇಪ್ಪತ್ತಕ್ಕೂ ಹೆಚ್ಚು ಸಾಮಗ್ರಿಗಳ ಪಟ್ಟಿ ಕೊಟ್ಟಿದ್ದಾನೆ. ಪರಿಮಳಕ್ಕೆ ಬಿಸಿಲು ಆಗದು, ನೆರಳಿನಲ್ಲಿಡಬೇಕು, ಅಲಬಾಸ್ಟರ್ ಕಲ್ಲಿನ ಕುಪ್ಪಿಯೇ ಎಲ್ಲಕ್ಕಿಂತ ಮೇಲು ಎಂದೂ ಹೇಳಿದ್ದಾನೆ. ಕಲ್ಲಿನ ಕುಪ್ಪಿ ಕೊಳ್ಳಲಾಗದವರ ಕೈಗೆ ಸಿಕ್ಕಿದ್ದು ಗಾಜು. ಗಾಜು ಎಣ್ಣೆಯನ್ನು ಹೀರುವುದಿಲ್ಲ, ತನ್ನ ವಾಸನೆಯನ್ನು ಸೇರಿಸುವುದಿಲ್ಲ, ಒಳಗೆ ಇನ್ನೆಷ್ಟು ಉಳಿದಿದೆ ಎಂಬುದನ್ನು ಮುಚ್ಚಿಡುವುದೂ ಇಲ್ಲ. ಉದ್ದನೆಯ ಕೊರಳಿಗೂ ಬುಡದ ಆ ಹಿಸುಕಿದ ಜಾಗಕ್ಕೂ ಕಾರಣ ಈಗ ತಿಳಿಯುತ್ತದೆ. ಎಣ್ಣೆ ಧಾರೆಯಾಗಿ ಸುರಿಯಬಾರದು, ಹನಿಯಾಗಿ ಇಳಿಯಬೇಕು, ಗಾಳಿ ಒಳಹೋಗುವ ದಾರಿ ಆದಷ್ಟು ಕಿರಿದಾಗಿರಬೇಕು. ಚಪ್ಪಟೆಯಾಗಿ ಹರಡಿದ ಅಂಚು, ಕೊನೆಯ ಹನಿಯನ್ನು ಮೈಗೆ ಹಚ್ಚಿಕೊಳ್ಳಲು ಅನುಕೂಲವಾಗುವಂಥದ್ದು.

ಪ್ಲಿನಿಯ ಪುಟಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಹೆಸರು ನಾರ್ಡ್. ಅದು ನಮ್ಮ ಜಟಾಮಾಂಸಿ. ಹಿಮಾಲಯದಲ್ಲಿ 3,000 ಮೀಟರಿಗಿಂತ ಎತ್ತರದಲ್ಲಿ ಬೆಳೆಯುವ ಆ ಗಿಡದ, ಜಡೆಯಂತೆ ನಾರುನಾರಾದ ಬೇರು ಗಂಗೆಯ ಬಯಲಿಗೆ ಇಳಿದು, ಅಲ್ಲಿಂದ ಕೇರಳದ ಮುಜಿರಿಸ್ ಬಂದರನ್ನು ಮುಟ್ಟಿ, ಅರಬ್ಬೀ ಸಮುದ್ರ, ಕೆಂಪು ಸಮುದ್ರ, ಮರಳುಗಾಡು, ನೈಲ್ ನದಿಗಳನ್ನು ದಾಟಿ ಅಲೆಕ್ಸಾಂಡ್ರಿಯಾಕ್ಕೆ ಹೋಗುತ್ತಿತ್ತು. ವಿಯೆನ್ನಾದಲ್ಲಿರುವ ಎರಡನೆಯ ಶತಮಾನದ ಪಪೈರಸ್ ಹಾಳೆಯೊಂದರಲ್ಲಿ, ಮುಜಿರಿಸ್‌ನಿಂದ ಸರಕು ತಂದ ಹೆರ್ಮಾಪೊಲ್ಲೊನ್ ಎಂಬ ಹಡಗಿನಲ್ಲಿದ್ದ ಗಂಗೆಯ ನಾರ್ಡಿನ 60 ಪೆಟ್ಟಿಗೆಗಳ ಲೆಕ್ಕವಿದೆ. ಪ್ಲಿನಿಯ ಕಾಲದಲ್ಲಿ ಕರಿಮೆಣಸು ರಾತ್ಲಿಗೆ 4 ದಿನಾರಿಯಸ್ ಆದರೆ ನಾರ್ಡಿನ ತೆನೆ 100 ದಿನಾರಿಯಸ್. ಆ ಕಾಲದ ಒಂದು ದಿನಾರಿಯಸ್ ಎಂದರೆ ಕೂಲಿಯಾಳಿನ ಒಂದು ದಿನದ ದುಡಿಮೆ ಎಂಬುದು ಬೈಬಲ್ಲಿನ ದ್ರಾಕ್ಷಿತೋಟದ ಕಥೆ ಓದಿದವರಿಗೆ ನೆನಪಿರುತ್ತದೆ. ಅದೇ ಬೈಬಲ್ಲಿನಲ್ಲಿ ಹೆಂಗಸೊಬ್ಬಳು ಜಟಾಮಾಂಸಿ ತೈಲದ ಭರಣಿಯನ್ನು ಒಡೆದು ಯೇಸುವಿನ ತಲೆಯ ಮೇಲೆ ಸುರಿದಾಗ, ಅದನ್ನು 300 ದಿನಾರಿಯಸ್‌ಗಿಂತ ಹೆಚ್ಚಿಗೆ ಮಾರಬಹುದಿತ್ತಲ್ಲ ಎಂದು ಸುತ್ತಲಿನವರು ಗೊಣಗುತ್ತಾರೆ. ಹತ್ತಿರ ಹತ್ತಿರ ಒಂದು ವರ್ಷದ ಕೂಲಿ. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ಸಿಕ್ಕಿರುವ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿನಾಣ್ಯ ಇದೇ ದಿನಾರಿಯಸ್. ಆ ಕಾಲದ ವ್ಯಾಪಾರದ ಕಾಸು ನಮ್ಮ ಬಯಲಿನವರೆಗೂ ಬಂದಿತ್ತು.

ಬೆಂಗಳೂರಿನ ಚಿಕ್ಕಪೇಟೆಯ ಗ್ರಂಧಿಗೆ ಅಂಗಡಿಯೊಂದರಲ್ಲಿ ನಾನು ಐವತ್ತು ಗ್ರಾಂ ಜಟಾಮಾಂಸಿ ಕೊಂಡೆ. ಕಾಗದದ ಪೊಟ್ಟಣದಲ್ಲಿ ಕಂದುಬಣ್ಣದ ಒಣ ಬೇರಿನ ತುಂಡುಗಳು, ಮುಟ್ಟಿದರೆ ಕರಡಿಯ ಕೂದಲಿನಷ್ಟು ಒರಟು. ಆಲಿವ್ ಎಣ್ಣೆಯಲ್ಲಿ ಅದನ್ನು ಮೂರು ವಾರ ನೆನೆಸಿಟ್ಟು, ತೆಳುಬಟ್ಟೆಯಲ್ಲಿ ಸೋಸಿ, ಗಾಜಿನ ಸಣ್ಣ ಸೀಸೆಗೆ ತುಂಬಿದೆ. ಮೊದಲು ಮೂಗಿಗೆ ಬಡಿದದ್ದು ಮಳೆಗಾಲದ ಒದ್ದೆ ಮಣ್ಣಿನ, ಹಳೆಯ ಮರದ ಪೆಟ್ಟಿಗೆಯ ವಾಸನೆ. ಇದಕ್ಕೇ ಒಂದು ವರ್ಷದ ಕೂಲಿಯೇ ಎಂದು ಒಂದು ಕ್ಷಣ ನಿರಾಸೆಯಾದದ್ದು ನಿಜ. ಮಣಿಕಟ್ಟಿಗೆ ಎರಡು ಹನಿ ಹಚ್ಚಿಕೊಂಡು ಅಡುಗೆ ಕೆಲಸಕ್ಕೆ ತೊಡಗಿದೆ. ಗಂಟೆ ಕಳೆದ ಮೇಲೆ ಮೈಯ ಬಿಸಿಗೆ ಆ ಒರಟುತನ ಕರಗಿ, ಕೆಳಗಿನಿಂದ ಸಿಹಿಯಾದ, ಗಂಭೀರವಾದ ಇನ್ನೊಂದು ಪರಿಮಳ ಮೇಲಕ್ಕೆ ಬಂತು. ರಾತ್ರಿ ಮಲಗುವಾಗಲೂ ಅದು ಕೈಯಲ್ಲೇ ಇತ್ತು. ಹುಟ್ಟಿದ ಗಳಿಗೆಯಲ್ಲೇ ಸಾಯುತ್ತದೆ ಎಂದ ಪ್ಲಿನಿಯ ಮಾತನ್ನು ಈ ಎಣ್ಣೆಯ ಮಟ್ಟಿಗೆ ನಾನು ಒಪ್ಪಲಾರೆ. ಕೆಲವು ತಿಂಗಳ ನಂತರ ನೋಡಿದರೆ ಸೀಸೆಯ ತಳದಲ್ಲಿ ಕಂದುಬಣ್ಣದ ತೆಳುವಾದ ಗಷ್ಟು ಕೂತಿತ್ತು. ಆ ದಿನ ಕಾರ್ನಿಂಗ್‌ನಲ್ಲಿ ನೋಡಿದ ಒಂದು ಸೀಸೆಯ ಒಳಗೂ ತಳದಿಂದ ಒಂದು ಪಕ್ಕಕ್ಕೆ ಓರೆಯಾಗಿ ಹೋದ ಕಂದುಗೆರೆಯಿತ್ತು. ಮಣ್ಣೊಳಗೆ ಮಗ್ಗುಲಾಗಿ ಮಲಗಿದ್ದ ಸೀಸೆಯಲ್ಲಿ ಏನೋ ಒಣಗಿ ಉಳಿದ ಗುರುತು ಅದು ಎಂದು ನನಗೆ ಹೊಳೆದದ್ದು ನನ್ನ ಸೀಸೆಯನ್ನು ಕೈಯಲ್ಲಿ ಹಿಡಿದಿದ್ದಾಗಲೇ.

ಎಲ್ಲ ಸೀಸೆಗಳೂ ಒಂದೇ ಕೆಲಸಕ್ಕೆ ಆದವುಗಳಲ್ಲ. ಸ್ನಾನಗೃಹಕ್ಕೆ ಒಯ್ಯುತ್ತಿದ್ದ ಗುಂಡನೆಯ ಎಣ್ಣೆಸೀಸೆಗಳಿಗೆ ಎರಡು ಪುಟ್ಟ ಕಿವಿಗಳಿದ್ದು, ಅವುಗಳಿಗೆ ದಾರವನ್ನೋ ಸರಪಳಿಯನ್ನೋ ಹಾಕಿ ಮಣಿಕಟ್ಟಿಗೆ ತೂಗುಹಾಕಿಕೊಳ್ಳುತ್ತಿದ್ದರು. ಎಣ್ಣೆ ಹಚ್ಚಿದ ಮೈಯನ್ನು ಅವರು ಸೀಗೆಪುಡಿಯಿಂದ ತೊಳೆಯುವ ಬದಲು ಬಾಗಿದ ಲೋಹದ ಪಟ್ಟಿಯಿಂದ ಕೆರೆದು ತೆಗೆಯುತ್ತಿದ್ದರು. ನಾಲ್ಕೈದನೆಯ ಶತಮಾನದ ಸಿರಿಯಾ ಕಡೆಯ ಜೋಡಿಕೊಳವೆಯ ಸೀಸೆಗಳು ಕಾಡಿಗೆಯವು. ಇವೆಲ್ಲಕ್ಕಿಂತ ನನಗೆ ಪ್ರಿಯವಾದವು ಮೊದಲನೆಯ ಶತಮಾನದ ಉತ್ತರ ಇಟಲಿಯ ಹಕ್ಕಿಸೀಸೆಗಳು. ಊದಿ ಹಕ್ಕಿಯ ಆಕಾರ ಕೊಟ್ಟು, ಒಳಗೆ ಬಿಳಿಯ ಅಥವಾ ನಸುಗೆಂಪು ಪುಡಿಯನ್ನು ತುಂಬಿ, ಬಾಲದ ತುದಿಯನ್ನು ಬೆಂಕಿಗೆ ಹಿಡಿದು ಮುಚ್ಚಿಬಿಡುತ್ತಿದ್ದರು. ಒಳಗಿನದು ಬೇಕಾದರೆ ಬಾಲ ಮುರಿಯಲೇಬೇಕು. ಬಾಲ ಮುರಿದ ಹಕ್ಕಿ ಅಂದು ಯಾರೋ ಒಬ್ಬಳ ಕೆನ್ನೆಗೆ ಬಣ್ಣ ಕೊಟ್ಟ ಹಕ್ಕಿ.

ಈಗ ಕಣ್ಣೀರಿನ ಮಾತಿಗೆ ಬರುತ್ತೇನೆ. ಗೋರಿಗಳಲ್ಲಿ ಈ ಸೀಸೆಗಳು ಬಹಳ ಸಂಖ್ಯೆಯಲ್ಲಿ ಸಿಕ್ಕಿದಾಗ ಹಿಂದಿನ ಸಂಗ್ರಾಹಕರು ಇವುಗಳಿಗೆ ಕಣ್ಣೀರ ಸೀಸೆ ಎಂಬ ಹೆಸರಿಟ್ಟರು. ನನ್ನ ಕಣ್ಣೀರನ್ನು ನಿನ್ನ ಸೀಸೆಯಲ್ಲಿ ತುಂಬಿಡು ಎಂದು ದೇವರನ್ನು ಬೇಡುವ ಕೀರ್ತನೆಯೊಂದು ಬೈಬಲ್ಲಿನಲ್ಲಿರುವುದು ಆ ಕಲ್ಪನೆಗೆ ಬಲ ಕೊಟ್ಟಿತು. ಆದರೆ ಅಲ್ಲಿನ ಹೀಬ್ರೂ ಪದಕ್ಕೆ ಚರ್ಮದ ಬುದ್ದಲಿ ಎಂದು ಅರ್ಥ, ಗಾಜಿನ ಮಾತೇ ಅಲ್ಲಿಲ್ಲ. ಸೀಸೆಗಳೊಳಗೆ ಅಂಟಿದ್ದನ್ನು ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿದಾಗ ಸಿಕ್ಕಿದ್ದು ಎಣ್ಣೆ, ಕೊಬ್ಬು, ರಾಳ, ಮೇಣಗಳ ಅಂಶಗಳು. ಕಣ್ಣೀರಿನ ಕಥೆ ಅಷ್ಟು ಸುಂದರವಾಗಿರುವಾಗ ಅದನ್ನು ಏಕೆ ಕಿತ್ತುಹಾಕಬೇಕು ಎಂದು ಗೆಳತಿಯೊಬ್ಬಳು ಕೇಳಿದಳು. ಅವರು ನಿಜವಾಗಿ ಮಾಡಿದ್ದೇನೆಂಬುದನ್ನು ಆ ಕಥೆ ಮರೆಸಿಬಿಡುತ್ತದೆ ಎಂಬುದೇ ನನ್ನ ಕಾರಣ. ಚಿತೆಯ ಮೇಲಿನ ದೇಹಕ್ಕೆ ಪರಿಮಳದ ಎಣ್ಣೆ ಹಚ್ಚುತ್ತಿದ್ದರು, ಉರಿಯೊಳಗೆ ಸುರಿಯುತ್ತಿದ್ದರು, ಆರಿದ ಮೂಳೆಗಳ ಮೇಲೆ ಮತ್ತೆ ಎರೆಯುತ್ತಿದ್ದರು. ದಹನ ಮಾಡಿದ ಗೋರಿಗಳಲ್ಲಿ ಎಷ್ಟೋ ಸೀಸೆಗಳು ಚಿತೆಯ ಬಿಸಿಗೆ ಕರಗಿ, ಕೊರಳು ಹೊಟ್ಟೆಗೆ ಅಂಟಿ, ಮುದ್ದೆಯಾಗಿ ಸಿಕ್ಕಿವೆ. ಚಿತ್ರಗಳಲ್ಲಿ ನೋಡಿದ ಆ ಮುದ್ದೆಗಳು ನನ್ನನ್ನು ಕಲಕಿದಷ್ಟು, ನೆಟ್ಟಗೆ ನಿಂತ ಯಾವ ಚೆಂದದ ಸೀಸೆಯೂ ಕಲಕಿಲ್ಲ. ಕಣ್ಣೀರಿಗೆ ಖರ್ಚಿಲ್ಲ, ಅದು ತಾನಾಗಿ ಬರುತ್ತದೆ. ಇಲ್ಲಿ ಯಾರೋ ದುಡಿದ ದುಡ್ಡನ್ನು ಎಣಿಸಿ ಕೊಟ್ಟು, ಸತ್ತವರು ಇಷ್ಟಪಟ್ಟಿದ್ದ ಎಣ್ಣೆಯನ್ನೇ ತಂದು, ತಮಗೆಂದು ಒಂದು ಹನಿಯನ್ನೂ ಉಳಿಸಿಕೊಳ್ಳದೆ ಕೊಟ್ಟುಬಿಟ್ಟಿದ್ದಾರೆ.

ಮಣ್ಣಿನಡಿಯ ತೇವ ನೂರಾರು ವರ್ಷಗಳಲ್ಲಿ ಗಾಜಿನ ಮೇಲ್ಮೈಯಿಂದ ಕ್ಷಾರವನ್ನು ಹೀರಿಕೊಂಡಾಗ, ಉಳಿದದ್ದು ಈರುಳ್ಳಿಯ ಪೊರೆಗಿಂತ ತೆಳುವಾದ ಪದರಪದರಗಳಾಗಿ ಬಿಡುತ್ತದೆ. ಸೋಪಿನ ಗುಳ್ಳೆಯಲ್ಲಿ ಬೆಳಕು ಒಡೆದು ಬಣ್ಣಗಳಾಗುವಂತೆ ಆ ಪದರಗಳಲ್ಲೂ ಆಗುತ್ತದೆ. ನವಿಲಿನ ಕೊರಳಿನಂತೆ ಮಿನುಗುವ ರೋಮನ್ ಸೀಸೆಗಳನ್ನು ಕಂಡು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಲೂಯಿ ಕಂಫರ್ಟ್ ಟಿಫ್ನಿ ಅದೇ ಮಿನುಗನ್ನು ಹೊಸ ಗಾಜಿನಲ್ಲಿ ತಂದ. ಆ ಸೀಸೆಗಳನ್ನು ಮಾಡಿದವರಾಗಲಿ ಕೊಂಡವರಾಗಲಿ ಈ ಬಣ್ಣಗಳನ್ನು ಎಂದೂ ಕಾಣಲಿಲ್ಲ. ಅದು ಗಾಜಿಗೆ ತಗುಲಿದ ಕಾಯಿಲೆ, ಮುಟ್ಟಿದರೆ ಹುಡಿಯಾಗಿ ಉದುರುತ್ತದೆ.

ಒಂದೇ ಒಂದು ಸೀಸೆಯ ಮಟ್ಟಿಗೆ ಹುಡುಗಿಯ ಪ್ರಶ್ನೆಗೆ ಈಗ ನೇರವಾದ ಉತ್ತರವಿದೆ. ಸ್ಪೇನಿನ ಸೆವಿಲ್ ಬಳಿಯ ಕಾರ್ಮೋನಾ ಪಟ್ಟಣದಲ್ಲಿ 2019ರಲ್ಲಿ ಮನೆಯೊಂದರ ದುರಸ್ತಿ ನಡೆಯುತ್ತಿದ್ದಾಗ ಮೊದಲನೆಯ ಶತಮಾನದ ಕುಟುಂಬವೊಂದರ ನೆಲಗೋರಿ ಬೆಳಕಿಗೆ ಬಂತು. ಅಲ್ಲಿನ ಗಾಜಿನ ಅಸ್ಥಿಪಾತ್ರೆಯೊಂದರಲ್ಲಿ ನಡುವಯಸ್ಸಿನ ಹೆಂಗಸೊಬ್ಬಳ ಸುಟ್ಟ ಮೂಳೆಗಳ ಜೊತೆ, ಸ್ಫಟಿಕಶಿಲೆಯನ್ನು ಕೊರೆದು ಮಾಡಿದ ಪುಟ್ಟ ಪರಿಮಳದ ಸೀಸೆಯಿತ್ತು. ಬಡವರ ಗಾಜು ಯಾವುದನ್ನು ಹೋಲಲು ಹವಣಿಸುತ್ತಿತ್ತೋ ಆ ಸ್ಫಟಿಕವೇ ಅದು. ಕಲ್ಲಿನ ಬಿರಡೆಯನ್ನು ಡಾಂಬರಿನಂಥ ಅಂಟಿನಿಂದ ಬಿಗಿಯಾಗಿ ಮುಚ್ಚಿದ್ದರಿಂದ ಒಳಗಿನದು ಗಟ್ಟಿಯಾಗಿ ಉಳಿದುಕೊಂಡಿತ್ತು. ಕೊರ್ಡೊಬಾ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರು ಅದನ್ನು ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಳಗಿದ್ದದ್ದು ಸಸ್ಯದ ಎಣ್ಣೆ, ಅದರಲ್ಲಿ ಬೆರೆತಿದ್ದ ಪರಿಮಳ ಪಚೋಲಿಯದು. ನಾವು ಹೂವಿನ ದಂಡೆಯ ನಡುನಡುವೆ ಕಟ್ಟುವ ಪಚ್ಚೆತೆನೆ ಅದೇ ಕುಲದ ಗಿಡ.

ಕಳೆದ ಬೇಸಿಗೆ ರಜೆಗೆ ತಮ್ಮನ ಮಗಳು ಊರಿಗೆ ಬಂದಿದ್ದಳು. ಬೆಳಗ್ಗೆ ಹೂವಿನ ಮಾರುಕಟ್ಟೆಗೆ ಹೋದಾಗ, ಹೂವಾಡಗಿತ್ತಿಯ ಬುಟ್ಟಿಯಿಂದ ಪಚ್ಚೆತೆನೆಯ ಒಂದು ಕುಡಿಯನ್ನು ಕೇಳಿ ತೆಗೆದುಕೊಂಡು, ಎಲೆಯನ್ನು ಬೆರಳಲ್ಲಿ ಹೊಸಕಿ ಅವಳ ಮೂಗಿನ ಬಳಿ ಹಿಡಿದೆ. ಕಾರ್ನಿಂಗ್‌ನ ಸೀಸೆಗಳು, ಅಲ್ಲಿ ಅವಳು ಕೇಳಿದ ಪ್ರಶ್ನೆ, ಎಲ್ಲ ಅವಳಿಗೆ ನೆನಪಿತ್ತು. ಕಣ್ಣು ಮುಚ್ಚಿ ಎರಡು ಸಲ ಉಸಿರೆಳೆದು, "ಇದಾ ಅತ್ತೆ?" ಎಂದಳು. ಒಬ್ಬಳದು ಇದು ಎಂದೆ.